ಬಿಚ್ಚಲು ಬರುವ ಗೇರ್‌ಬಾಕ್ಸ್

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟ ರಾಷ್ಟ್ರೀಯ ಹೆದ್ದಾರಿ 50, ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರ ಹತ್ತಿರವಾದಂತೆ ಸಪಾಟು ಎರೆಹೊಲಗಳನ್ನು ಬಿಟ್ಟು ಏರಿಳಿತಕ್ಕೆ ಬೀಳುತ್ತದೆ. ತೊಗರಿ, ಸಿಮೆಂಟ್, ಶಹಾಬಾದ್ ಫರಸಿ, ಕಮಲಾಪುರದ ಕೆಂಪು ಬಾಳೆ ಹೇರಿಕೊಂಡ ಲಾರಿಗಳು ಈ ಭಾಗದ ದಾರಿಗಳಲ್ಲಿ ಹಗಲಿರುಳು ಓಡಾಡುತ್ತವೆ. ಅವುಗಳ ನಡುವೆ ಟಾಟಾ 1613 ಎಂಬ ಹಳೆಯ ಮಾದರಿ ಈಗಲೂ ಕಣ್ಣಿಗೆ ಬೀಳುವುದುಂಟು. ಹೆಸರಿನಲ್ಲೇ ಅದರ ಜಾತಕವಿದೆ: ಲೋಡ್ ಸಮೇತ ಒಟ್ಟು ತೂಕ 16 ಟನ್, ಎಂಜಿನ್ನಿನ ಶಕ್ತಿ 130 ಎಚ್.ಪಿ. ಒಳಗಿರುವುದು ಕಮ್ಮಿನ್ಸ್ 6ಬಿಟಿ, ಆರು ಸಿಲಿಂಡರಿನ 5.9 ಲೀಟರ್ ಡೀಸೆಲ್ ಎಂಜಿನ್. ಟಾಟಾದವರೂ ಅಮೆರಿಕದ ಕಮ್ಮಿನ್ಸ್‌ನವರೂ ಸೇರಿ 1993ರಲ್ಲಿ ಕಟ್ಟಿದ ಕಂಪನಿ ಇದನ್ನು ಜಮ್ಶೆಡ್‌ಪುರದಲ್ಲಿ ತಯಾರಿಸಿತು. ಇದೇ ಕುಟುಂಬದ ಇದೇ 5.9 ಲೀಟರ್ ಎಂಜಿನ್ 1989ರಿಂದ ಅಮೆರಿಕದ ಡಾಡ್ಜ್ ರ‍್ಯಾಮ್ ಪಿಕಪ್ ಟ್ರಕ್ಕುಗಳಲ್ಲೂ ಓಡುತ್ತಿತ್ತು. ವ್ಯತ್ಯಾಸ ಇರುವುದು ಎಂಜಿನ್ನಿನ ಹಿಂದೆ. ಅಲ್ಲಿ ಬಹಳಷ್ಟು ಗಾಡಿಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದ್ದರು. ಇಲ್ಲಿ ಐದು ಮುಂದಿನ, ಒಂದು ಹಿಂದಿನ ಗೇರಿನ ಮ್ಯಾನುವಲ್ ಬಾಕ್ಸ್, ಅಂದರೆ ಜಿ.ಬಿ.ಎಸ್.-40. ಆ ಪಿಕಪ್‌ಗಳು ಹಳೆಯದಾದ ಮೇಲೆ ಅಮೆರಿಕದ ಎಷ್ಟೋ ಮಾಲೀಕರು ಆಟೋಮ್ಯಾಟಿಕ್ ಕಿತ್ತು ಹಾಕಿ, ಕ್ಲಚ್ ಪೆಡಲ್ ಕೂರಿಸಿ, ಮ್ಯಾನುವಲ್ ಬಾಕ್ಸ್ ಜೋಡಿಸಿಕೊಂಡರು. ಶ್ರೀಮಂತ ದೇಶದಲ್ಲಿ ಸುಖದ ಯಂತ್ರವನ್ನು ಕೊಟ್ಟು ಕಷ್ಟದ ಯಂತ್ರವನ್ನು ತಂದುಕೊಳ್ಳುವ ಈ ಕೆಲಸ ಹುಚ್ಚಿನಂತೆ ಕಂಡೀತು. ಅದರ ಹಿಂದೆ ಗಟ್ಟಿಯಾದ ಲೆಕ್ಕವಿದೆ, ಮತ್ತು ಆ ಲೆಕ್ಕ ಇನ್ನು ಕೆಲವು ವರ್ಷಗಳಲ್ಲಿ ಕಲಬುರಗಿಯ ಲಾರಿ ಮಾಲೀಕರ ಮನೆಬಾಗಿಲಿಗೂ ಬರಲಿದೆ.

ಮೊದಲು ಡೀಸೆಲ್ ಎಂಜಿನ್ನಿಗೆ ಗೇರ್ ಯಾಕೆ ಅಷ್ಟು ಮುಖ್ಯ ಎಂಬುದನ್ನು ನೋಡಬೇಕು. ದೊಡ್ಡ ಡೀಸೆಲ್ ಎಂಜಿನ್ ನಿಮಿಷಕ್ಕೆ ಸುಮಾರು 1,000 ಸುತ್ತಿನಿಂದ 2,500 ಸುತ್ತಿನ ಒಳಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಎಂಜಿನ್ ನಡುಗಿ ಬಂದ್ ಬೀಳುತ್ತದೆ, ಮೇಲೆ ಹೋದರೆ ಎಳೆತ ಕುಗ್ಗುತ್ತದೆ. ಪೆಟ್ರೋಲ್ ಕಾರು 5,000, 6,000 ಸುತ್ತಿನವರೆಗೆ ಕಿರುಚಿಕೊಂಡು ಓಡಬಲ್ಲದು. ಲಾರಿಗೆ ಆ ಸೌಕರ್ಯ ಇಲ್ಲ. ನಿಂತಲ್ಲಿಂದ 16 ಟನ್ ಎಬ್ಬಿಸುವುದಕ್ಕೂ, ಅದೇ 16 ಟನ್ನನ್ನು ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಓಡಿಸುವುದಕ್ಕೂ ಇರುವ ಇಷ್ಟು ದೊಡ್ಡ ಅಂತರವನ್ನು ಎಂಜಿನ್ ಈ ಕಿರಿದಾದ ಮಿತಿಯೊಳಗೇ ನಿಭಾಯಿಸಬೇಕು. ಅದಕ್ಕೆ ಗೇರ್‌ಬಾಕ್ಸ್ ಬೇಕು. ಮೊದಲ ಗೇರಿನಲ್ಲಿ ಎಂಜಿನ್ ಹಲವು ಸುತ್ತು ತಿರುಗಿದಾಗ ಹಿಂದಿನ ಜಾಯಿಂಟ್ (ಪ್ರೊಪೆಲ್ಲರ್ ಶಾಫ್ಟ್) ಒಂದು ಸುತ್ತು ತಿರುಗುತ್ತದೆ, ವೇಗ ಕಳೆದುಕೊಂಡು ಬಲ ಪಡೆಯುತ್ತದೆ. ಮೇಲಿನ ಗೇರಿಗೆ ಬಂದಂತೆ ಬಲ ಬಿಟ್ಟುಕೊಟ್ಟು ವೇಗ ತೆಗೆದುಕೊಳ್ಳುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹುಮನಾಬಾದ್ 600 ಮೀಟರಿಗೂ ಮೇಲೆ. ಘಟ್ಟ ಎನ್ನುವಷ್ಟು ಕಡಿದಲ್ಲದಿದ್ದರೂ, ಫರಸಿ ತುಂಬಿದ ಲಾರಿಯ ಡ್ರೈವರ್ ಈ ದಾರಿಯಲ್ಲಿ ಎಷ್ಟು ಸಲ ಗೇರ್ ಇಳಿಸಿ ಏರಿಸಬೇಕಾಗುತ್ತದೆ ಎಂಬುದು ಆ ಸ್ಟೀರಿಂಗ್ ಹಿಂದೆ ಕೂತವರಿಗೇ ಗೊತ್ತು.

ಮ್ಯಾನುವಲ್ ಬಾಕ್ಸಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಇರುವುದು ಕ್ಲಚ್. ಫ್ಲೈವೀಲಿಗೆ ಒತ್ತಿಕೊಂಡ ಕ್ಲಚ್ ಪ್ಲೇಟ್ ಪೂರಾ ಕಚ್ಚಿದ ಮೇಲೆ ಎಂಜಿನ್ ಸುತ್ತಿದಷ್ಟೂ ಗೇರಿನ ಶಾಫ್ಟ್ ಸುತ್ತುತ್ತದೆ, ನಡುವೆ ಏನೂ ಸೋರಿಹೋಗುವುದಿಲ್ಲ. ಹಳೆಯ ಆಟೋಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಗಡಿಗೆಯಲ್ಲಿ ಮಜ್ಜಿಗೆ ಕಡೆಯುವಾಗ ಕಡಗೋಲಿನ ಜೊತೆ ಮಜ್ಜಿಗೆ ಸುತ್ತುತ್ತದೆ, ಕೈ ಬಿಟ್ಟರೆ ಮಜ್ಜಿಗೆಯ ರಭಸಕ್ಕೆ ಗಡಿಗೆಯೂ ತಿರುಗಲು ನೋಡುತ್ತದೆ. ಕಡಗೋಲಿಗೂ ಗಡಿಗೆಗೂ ಗಟ್ಟಿ ಸಂಬಂಧವೇ ಇಲ್ಲ. ಕನ್ವರ್ಟರಿನ ಕೆಲಸ ಹೀಗೆಯೇ. ಎಂಜಿನ್ನಿಗೆ ಅಂಟಿದ ರೆಕ್ಕೆಗಳು ಎಣ್ಣೆಯನ್ನು ಬೀಸುತ್ತವೆ, ಆ ಎಣ್ಣೆ ಎದುರಿನ ರೆಕ್ಕೆಗಳನ್ನು ತಿರುಗಿಸುತ್ತದೆ, ನಡುವಿನ ಮೂರನೆಯ ಚಕ್ರ ವಾಪಸು ಬರುವ ಎಣ್ಣೆಯ ದಿಕ್ಕು ತಿದ್ದಿ ಮತ್ತೆ ದುಡಿಸುತ್ತದೆ. ಗಾಡಿ ನಿಂತಲ್ಲಿಂದ ಹೊರಡುವಾಗ ಇದು ಎಂಜಿನ್ನಿನ ಎಳೆತವನ್ನು ಹೆಚ್ಚೂಕಡಿಮೆ ಎರಡು ಪಟ್ಟು ಮಾಡಿಕೊಡುತ್ತದೆ. ಆ ನಯವಾದ ಹೊರಡುವಿಕೆಯನ್ನು ಯಾವ ಕ್ಲಚ್ಚೂ ಕೊಡಲಾರದು. ಬೆಲೆ ತೆರಬೇಕಾಗುವುದು ಶಾಖದಲ್ಲಿ. ಎರಡು ಕಡೆಯ ರೆಕ್ಕೆಗಳ ವೇಗದಲ್ಲಿ ಅಂತರ ಇರುವಷ್ಟು ಹೊತ್ತು ಎಣ್ಣೆ ಕಾಯುತ್ತಲೇ ಇರುತ್ತದೆ, ಡೀಸೆಲ್‌ನ ಒಂದು ಪಾಲು ಚಕ್ರಕ್ಕೆ ಹೋಗದೆ ಎಣ್ಣೆ ಕಾಯಿಸುವುದಕ್ಕೆ ಹೋಗುತ್ತದೆ. ಹೆದ್ದಾರಿಯ ವೇಗ ಬಂದ ಮೇಲೆ ಎರಡನ್ನೂ ಬಿಗಿಯುವ ಲಾಕಪ್ ಕ್ಲಚ್ ನಂತರದ ಮಾದರಿಗಳಲ್ಲಿ ಬಂತು. ಆದರೆ ಭಾರ ಹೊತ್ತು ನಿಧಾನವಾಗಿ ಏರುವಾಗ ಅದು ಬಿಟ್ಟುಕೊಂಡೇ ಇರುತ್ತದೆ, ಶಾಖ ಹೆಚ್ಚಾಗಿ ಹುಟ್ಟುವುದೂ ಆಗಲೇ.

ಡಾಡ್ಜ್ ಪಿಕಪ್‌ನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಆಟೋಮ್ಯಾಟಿಕ್ ಬಾಕ್ಸ್ ಡೀಸೆಲ್‌ಗೆಂದು ಹುಟ್ಟಿದ್ದಲ್ಲ. 1962ರಲ್ಲಿ ಪೆಟ್ರೋಲ್ ಕಾರುಗಳಿಗಾಗಿ ಬಂದ ಟಾರ್ಕ್‌ಫ್ಲೈಟ್ 727 ಎಂಬ ಮೂರು ಗೇರಿನ ಪೆಟ್ಟಿಗೆಯನ್ನೇ 1989ರಲ್ಲಿ ಕಮ್ಮಿನ್ಸ್ ಹಿಂದೆ ಕೂರಿಸಿದರು. ಮುಂದೆ ಅದಕ್ಕೆ ಓವರ್‌ಡ್ರೈವ್ ಸೇರಿಸಿ, ಬಲಪಡಿಸಿ ನಾಲ್ಕು ಗೇರಿನದಾಗಿ ಬೆಳೆಸಿದರು. ಆದರೂ ತಯಾರಕರಿಗೇ ಅದರ ಮೇಲೆ ಪೂರಾ ನಂಬಿಕೆ ಇರಲಿಲ್ಲ ಎಂಬುದು ಅವರದೇ ಅಂಕಿಗಳಲ್ಲಿ ಕಾಣುತ್ತದೆ. 1996ರಿಂದ 1998ರವರೆಗಿನ ಮಾದರಿಗಳಲ್ಲಿ ಒಂದೇ ಎಂಜಿನ್, ಒಂದೇ ಗಾಡಿ; ಮ್ಯಾನುವಲ್ ಬಾಕ್ಸ್ ಇದ್ದರೆ 215 ಎಚ್.ಪಿ., ಆಟೋಮ್ಯಾಟಿಕ್ ಇದ್ದರೆ 180. ಗೇರ್‌ಬಾಕ್ಸ್ ತಾಳಲಿ ಎಂದು ಎಂಜಿನ್ನಿನ 35 ಎಚ್.ಪಿ.ಯನ್ನು ಕಾರ್ಖಾನೆಯಲ್ಲೇ ಕಟ್ಟಿಹಾಕಿ ಕಳಿಸಿದರು. ಅದೇ ಕಾಲದ ಎನ್.ವಿ.4500 ಎಂಬ ಐದು ಗೇರಿನ ಮ್ಯಾನುವಲ್ ಬಾಕ್ಸ್ ಎರಕದ ಕಬ್ಬಿಣದ್ದು, ತೂಕ ಸುಮಾರು 90 ಕಿಲೋ, ಮೊದಲ ಗೇರಿನ ಅನುಪಾತ 5.61. ಕುದುರೆ ಟ್ರೇಲರ್ ಎಳೆಯುವ ರೈತರೂ ಕಟ್ಟಡ ಸಾಮಾನು ಸಾಗಿಸುವವರೂ ಆಟೋಮ್ಯಾಟಿಕ್ ಎರಡನೆಯ ಸಲ, ಮೂರನೆಯ ಸಲ ಕೆಟ್ಟಾಗ ಅದನ್ನೇ ಮತ್ತೆ ರಿಪೇರಿ ಮಾಡಿಸುವುದಕ್ಕಿಂತ ಗುಜರಿಯಿಂದ ಈ ಬಾಕ್ಸ್ ತರುವುದು ಮೇಲು ಎಂದುಕೊಂಡರು. ಮೆಕ್ಯಾನಿಕ್‌ಗಳಲ್ಲಿ ಒಂದು ಹಳೆಯ ಅಂದಾಜಿದೆ: ಆಟೋಮ್ಯಾಟಿಕ್‌ನ ಎಣ್ಣೆ ತನ್ನ ಸಹಜ ಬಿಸಿಗಿಂತ ಪ್ರತಿ 10 ಡಿಗ್ರಿ ಹೆಚ್ಚು ಕಾದಾಗಲೂ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ. ಕರಾರುವಾಕ್ಕಾದ ನಿಯಮವಲ್ಲ, ದಿಕ್ಕು ಮಾತ್ರ ಸರಿ. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಎದುರುಗಾಳಿಯೇ ಬೆಂಕಿಯಂತೆ ಬೀಸುವ ಮಧ್ಯಾಹ್ನ, ರೇಡಿಯೇಟರ್ ಮುಂದೆ ಕಟ್ಟಿದ ಎಣ್ಣೆ ಕೂಲರ್ ಎಷ್ಟು ತಂಪು ಮಾಡೀತು?

ಶಾಖದ ಜೊತೆ ಇನ್ನೆರಡು ಸಂಗತಿ ಸೇರುತ್ತವೆ. ಒಂದು ಇಳಿಜಾರು. ತೂಕದ ಲಾರಿ ಇಳಿಯುವಾಗ ಬ್ರೇಕಿನ ಮೇಲೆ ಪೂರಾ ಭಾರ ಹಾಕುವಂತಿಲ್ಲ. ಡ್ರಮ್ ಕಾದರೆ ಹಿಡಿತ ತಪ್ಪುತ್ತದೆ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನ ಎದುರೆಳೆತದಲ್ಲೇ ಇಳಿಸುವುದು ಡ್ರೈವರುಗಳು ಗುರುಗಳಿಂದ ಕಲಿಯುವ ಮೊದಲ ಪಾಠ. ಮ್ಯಾನುವಲ್‌ನಲ್ಲಿ ಚಕ್ರ ಮತ್ತು ಎಂಜಿನ್ ಕಬ್ಬಿಣಕ್ಕೆ ಕಬ್ಬಿಣ ಜೋಡಿಸಿಕೊಂಡಿರುವುದರಿಂದ ಆ ಹಿಡಿತ ಗಟ್ಟಿ. ಹಳೆಯ ಆಟೋಮ್ಯಾಟಿಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಲಾಕಪ್ ಬಿಟ್ಟುಕೊಂಡು ನಡುವೆ ಎಣ್ಣೆ ಮಾತ್ರ ಉಳಿಯುತ್ತದೆ, ಎಂಜಿನ್ ಹಿಡಿಯುವುದು ಅಷ್ಟಕ್ಕಷ್ಟೆ. ಇನ್ನೊಂದು, ಬ್ಯಾಟರಿ ಕೂತ ದಿನ. ಮ್ಯಾನುವಲ್ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟೋ, ಇನ್ನೊಂದು ಲಾರಿಯಿಂದ ಎಳೆಸಿಯೋ, ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್‌ನಲ್ಲಿ ಎಣ್ಣೆ ಪಂಪನ್ನು ಓಡಿಸುವುದೇ ಎಂಜಿನ್. ಎಂಜಿನ್ ನಿಂತಿದ್ದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಗೇರ್ ಕಚ್ಚುವುದಿಲ್ಲ. ಹಾಗೇ ದೂರ ಎಳೆದೊಯ್ದರೆ ಎಣ್ಣೆ ತಲುಪದೆ ಒಳಗಿನ ಬುಷ್ಷುಗಳೇ ಸವೆದು ಹೋಗುತ್ತವೆ. ಅಂದರೆ ಕೆಟ್ಟ ಗಾಡಿಯನ್ನು ಗ್ಯಾರೇಜಿಗೆ ಎಳೆದು ತರುವ ಮಾಮೂಲು ಉಪಾಯವೇ ಅದಕ್ಕೆ ಹೊಸ ಹಾನಿ.

ಇಷ್ಟಾದರೂ ನನ್ನ ವಾದದ ಮುಖ್ಯ ಆಧಾರ ಇವಾವುವೂ ಅಲ್ಲ. ಒಳ್ಳೆಯ ಕೂಲರ್ ಹಾಕಿ, ಬಲವಾದ ಕನ್ವರ್ಟರ್ ಕೂರಿಸಿ ಈ ದೋಷಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು, ಹೊಸ ಆಟೋಮ್ಯಾಟಿಕ್‌ಗಳಲ್ಲಿ ಸರಿಪಡಿಸಿಯೂ ಇದ್ದಾರೆ. ಹಳೆಯ ಲಾರಿಗೆ ಯಾವ ಗೇರ್‌ಬಾಕ್ಸ್ ಸರಿ ಎಂಬುದನ್ನು ತೀರ್ಮಾನಿಸಬೇಕಾದದ್ದು ಒಂದೇ ಪ್ರಶ್ನೆ: ಅದು ಕೆಟ್ಟಾಗ, ಗಾಡಿ ನಿಂತ ಜಾಗದಿಂದ ಎಷ್ಟು ದೂರದಲ್ಲಿ ಅದನ್ನು ಬಿಚ್ಚಿ, ನೋಡಿ, ಅರ್ಥ ಮಾಡಿಕೊಂಡು, ಮತ್ತೆ ಮುಚ್ಚಬಲ್ಲ ಮನುಷ್ಯ ಇದ್ದಾನೆ? ಮ್ಯಾನುವಲ್ ಬಾಕ್ಸಿನ ಮೇಲಿನ ಕವರ್ ತೆಗೆದರೆ ರೋಗ ಕಣ್ಣಿಗೇ ಕಾಣುತ್ತದೆ. ಹಲ್ಲು ಮುರಿದ ಗೇರ್, ನೀಲಿಗಟ್ಟಿದ ಬೇರಿಂಗ್, ಅಂಚು ಸವೆದು ಚೂಪಾದ ಹಿತ್ತಾಳೆಯ ಸಿಂಕ್ರೊ ರಿಂಗ್, ಬಾಗಿದ ಫೋರ್ಕ್. ಎಣ್ಣೆಯನ್ನು ತಟ್ಟೆಗೆ ಇಳಿಸಿ ಬೆರಳಲ್ಲಿ ಉಜ್ಜಿ, ಬಂದ ಚೂರು ಹಿತ್ತಾಳೆಯದೋ ಉಕ್ಕಿನದೋ ಎಂದು ನೋಡಿಯೇ ನುರಿತ ಮಿಸ್ತ್ರಿ ಯಾವುದು ಹೋಗಿದೆ ಎಂದು ಅರ್ಧ ಹೇಳಿಬಿಡುತ್ತಾನೆ. ಆಟೋಮ್ಯಾಟಿಕ್‌ನ ಒಳಗೆ ಗ್ರಹಗಳಂತೆ ಸುತ್ತುವ ಗೇರ್ ಗುಂಪುಗಳು, ಅವನ್ನು ಹಿಡಿದು ಬಿಡುವ ಕ್ಲಚ್ ಕಟ್ಟುಗಳು, ಬ್ಯಾಂಡುಗಳು, ಮತ್ತು ಇವಕ್ಕೆಲ್ಲ ಯಾವಾಗ ಎಷ್ಟು ಒತ್ತಡದ ಎಣ್ಣೆ ಹೋಗಬೇಕೆಂದು ನಿರ್ಧರಿಸುವ ವಾಲ್ವ್ ಬಾಡಿ ಇರುತ್ತವೆ. ವಾಲ್ವ್ ಬಾಡಿ ಎಂದರೆ ಹುಳು ಕೊರೆದಂತೆ ಸಾಲುಸಾಲು ಎಣ್ಣೆ ಕಾಲುವೆಗಳಿರುವ ಅಲ್ಯೂಮಿನಿಯಂ ತಟ್ಟೆ, ಕಾಲುವೆಗಳಲ್ಲಿ ಬೆರಳುದ್ದದ ಸ್ಪೂಲುಗಳು, ಸಣ್ಣ ಸ್ಪ್ರಿಂಗುಗಳು, ಕಾಳಿನಷ್ಟು ಗಾತ್ರದ ಗುಂಡುಗಳು. ಒಂದು ಗುಂಡು ಜಾಗ ತಪ್ಪಿದರೆ ಗೇರ್ ತಪ್ಪುತ್ತದೆ, ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಇದನ್ನು ರಿಪೇರಿ ಮಾಡಲು ಬರುವವರಿಲ್ಲ ಎಂದಲ್ಲ. ಅವರು ಕಮಲಾಪುರದ ರಸ್ತೆಬದಿಯಲ್ಲಿ ಸಿಗುವುದಿಲ್ಲ, ಅಷ್ಟೇ.

ಈ ವಿದ್ಯೆ ಇಲ್ಲಿಯ ಗ್ಯಾರೇಜುಗಳಿಗೆ ತಾನಾಗಿ ಬಂದದ್ದಲ್ಲ. 1954ರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿ ಹೊರಬಂದಂದಿನಿಂದ ಕೆಲವೇ ಕೆಲವು ಮಾದರಿಗಳು ಸಣ್ಣಪುಟ್ಟ ಬದಲಾವಣೆಯೊಂದಿಗೆ ದಶಕಗಟ್ಟಲೆ ಓಡಿದವು. ಡೀಸೆಲ್ ಪಂಪ್ ಎಂದರೆ 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ್ದ ಮೈಕೋ ಕಂಪನಿಯದು. ಒಂದೇ ಬಗೆಯ ಗೇರ್‌ಬಾಕ್ಸ್, ಒಂದೇ ಬಗೆಯ ಪಂಪ್ ಸಾವಿರಾರು ಸಲ ಬಿಚ್ಚಿದ ಕೈಗಳು ಊರೂರಲ್ಲಿ ಬೆಳೆದವು. ಆ ಕೈಗಳ ಪಕ್ಕದಲ್ಲಿ ಕೂತು ಹುಡುಗರು ಕಲಿತರು. ಬಿಡಿಭಾಗದ ಅಂಗಡಿಯವನು ಯಾವ ಬೇರಿಂಗ್ ತರಿಸಿಡಬೇಕೆಂದು ತಿಳಿದ, ಲೇತ್ ಇಟ್ಟವನು ಯಾವ ಶಾಫ್ಟನ್ನು ಎಷ್ಟು ತೆಗೆಯಬೇಕೆಂದು ತಿಳಿದ. ಹಳೆಯ ಲಾರಿ ಬದುಕಿರುವುದು ಈ ಬಳಗದ ಬಲದಿಂದ. ಅಮೆರಿಕದ ರೈತ ತನ್ನ ಪಿಕಪ್‌ಗೆ ಮ್ಯಾನುವಲ್ ಬಾಕ್ಸ್ ಕೂರಿಸುವಾಗ ಮಾಡುತ್ತಿರುವುದು ಇಂಥದೇ ಬಳಗಕ್ಕೆ ಮರಳಿ ಸೇರುವ ಪ್ರಯತ್ನ.

ಆ ಕೂರಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಅದು ಬರೀ ಪೆಟ್ಟಿಗೆ ಬದಲಿಸುವುದಲ್ಲ ಎಂಬುದು ತಿಳಿಯುತ್ತದೆ. ಆಟೋಮ್ಯಾಟಿಕ್ ಗಾಡಿಯ ಕ್ರ್ಯಾಂಕಿನ ಹಿಂದೆ ಇರುವುದು ತೆಳ್ಳನೆಯ ಫ್ಲೆಕ್ಸ್ ಪ್ಲೇಟ್. ಅದನ್ನು ತೆಗೆದು ಭಾರದ ಫ್ಲೈವೀಲ್ ಕೂರಿಸಬೇಕು, ಅದರ ಮುಖಕ್ಕೆ ಕ್ಲಚ್ ಪ್ಲೇಟ್, ಮೇಲೆ ಪ್ರೆಶರ್ ಪ್ಲೇಟ್. ಕ್ರ್ಯಾಂಕಿನ ತುದಿಯಲ್ಲೋ ಫ್ಲೈವೀಲಿನ ನಡುಮಧ್ಯದಲ್ಲೋ ಹೆಬ್ಬೆರಳು ತೂರುವಷ್ಟು ಕಿರಿದಾದ ಪೈಲಟ್ ಬೇರಿಂಗ್ ಒಂದಿರುತ್ತದೆ. ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಮೂತಿ ಅದರಲ್ಲಿ ಕೂರಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ಈ ಬೇರಿಂಗ್ ಇರುವುದೇ ಇಲ್ಲ. ಇದನ್ನು ಮರೆತು ಬಾಕ್ಸ್ ಏರಿಸಿದರೆ ಶಾಫ್ಟಿನ ತುದಿಗೆ ಆಸರೆ ಇಲ್ಲದೆ ಅಲುಗಾಡಿ ಮುಂದಿನ ಬೇರಿಂಗ್ ಬೇಗನೆ ಹೋಗುತ್ತದೆ. ಪ್ರೆಶರ್ ಪ್ಲೇಟ್ ಬಿಗಿಯುವ ಮೊದಲು ಕ್ಲಚ್ ಪ್ಲೇಟ್ ಸರಿಯಾಗಿ ನಡುವಿಗೆ ನಿಲ್ಲಬೇಕು. ಅದಕ್ಕೆ ಹಳೆಯ ಗೇರ್‌ಬಾಕ್ಸಿನ ಶಾಫ್ಟ್ ತುಂಡೊಂದನ್ನು ಕತ್ತರಿಸಿಟ್ಟುಕೊಂಡು ತೂರಿಸಿ ನೋಡುವುದು ಎಲ್ಲ ಕಡೆಯ ಮೆಕ್ಯಾನಿಕ್‌ಗಳ ರೂಢಿ. ಬೆಲ್ ಹೌಸಿಂಗಿನ ನಡುಗಿಂಡಿ ಕ್ರ್ಯಾಂಕಿಗೆ ನೇರವಾಗಿದೆಯೇ ಎಂದು ಡಯಲ್ ಗೇಜ್ ಹಾಕಿ ಅಳೆಯಬೇಕು. ಕೂದಲೆಳೆಯಷ್ಟು ವಾರೆಯಾದರೂ ಕ್ಲಚ್ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ. ಆಮೇಲೆ ಕ್ಯಾಬಿನ್ನಿನೊಳಗೆ ಕ್ಲಚ್ ಪೆಡಲ್, ಅದರ ಮಾಸ್ಟರ್ ಸಿಲಿಂಡರ್, ಕೆಳಗೆ ಸ್ಲೇವ್ ಸಿಲಿಂಡರ್, ಲಿವರ್ ಬರಲು ನೆಲದಲ್ಲಿ ರಂಧ್ರ. ಹೊಸ ಬಾಕ್ಸಿನ ಉದ್ದ ಬೇರೆಯಾದ್ದರಿಂದ ಜಾಯಿಂಟ್ ಕತ್ತರಿಸಿಯೋ ಉದ್ದ ಮಾಡಿಯೋ ಬ್ಯಾಲೆನ್ಸ್ ಮಾಡಿಸಬೇಕು, ಚಾಸಿಗೆ ಅಡ್ಡ ಹಾಕಿದ ಬಾಕ್ಸಿನ ಆಸರೆಯನ್ನು ಸರಿಸಬೇಕು. ಎಣ್ಣೆ ಕೂಲರಿನ ಪೈಪುಗಳನ್ನು ಮುಚ್ಚಬೇಕು. ರಿವರ್ಸ್ ಲೈಟಿನ ಸ್ವಿಚ್, ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್, ಸ್ಪೀಡೋಮೀಟರಿನ ಕೇಬಲ್ ಎಲ್ಲವೂ ಹೊಸ ಜಾಗಕ್ಕೆ. ಇವನ್ನೆಲ್ಲ ಬಿಡಿಬಿಡಿಯಾಗಿ ಹುಡುಕುತ್ತ ಹೋದವರು ಹೈರಾಣಾಗುತ್ತಾರೆ. ಅದೇ ಮಾದರಿಯ ಮ್ಯಾನುವಲ್ ಗಾಡಿಯೊಂದನ್ನು ಗುಜರಿಯಲ್ಲಿ ಇಡಿಯಾಗಿ ಕೊಂಡು, ಬೋಲ್ಟಿನಿಂದ ಪೆಡಲಿನವರೆಗೆ ಅದರಿಂದಲೇ ತೆಗೆದುಕೊಂಡವರ ಕೆಲಸ ಕೂಡುತ್ತದೆ.

ಮ್ಯಾನುವಲ್ ಬಾಕ್ಸೂ ಕೆಡುತ್ತದಲ್ಲ ಎಂದು ಕೇಳಬಹುದು. ಖಂಡಿತ ಕೆಡುತ್ತದೆ. ಮೇಲೆ ಹೊಗಳಿದ ಎನ್.ವಿ.4500ಕ್ಕೇ ಒಂದು ಹೆಸರಾಂತ ರೋಗವಿದೆ: ಡೀಸೆಲ್ ಎಂಜಿನ್ನಿನ ಬಡಿತಕ್ಕೆ ಐದನೆಯ ಗೇರನ್ನು ಹಿಡಿದಿರುವ ನಟ್ ಸಡಿಲವಾಗಿ ಗೇರ್ ಹಿಂದಕ್ಕೆ ಜಾರುತ್ತದೆ, ಐದನೆಯ ಗೇರ್ ಇಲ್ಲದಂತಾಗುತ್ತದೆ. ಆದರೆ ಅದು ಕೆಡುವ ಬಗೆಯನ್ನು ಗಮನಿಸಿ. ಉಳಿದ ನಾಲ್ಕು ಗೇರುಗಳು ಕೆಲಸ ಮಾಡುತ್ತಲೇ ಇರುತ್ತವೆ, ನಾಲ್ಕನೆಯದರಲ್ಲಿ ಗಾಡಿ ಮನೆ ಸೇರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಎಣ್ಣೆಯ ಒತ್ತಡ ಹೋದರೆ ಎಲ್ಲ ಗೇರೂ ಒಟ್ಟಿಗೆ ಹೋಗುತ್ತವೆ. ಮ್ಯಾನುವಲ್‌ನ ರೋಗಗಳಲ್ಲಿ ಎಷ್ಟೋ ನಮ್ಮ ಕೈಯಿಂದಲೇ ಬಂದವು ಎಂಬುದನ್ನೂ ಒಪ್ಪಬೇಕು. ಹಿಂದಿನ ಆಕ್ಸಲ್ ಹೌಸಿಂಗಿಗೆ ಹಾಕುವ ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಸುರಿಯುವುದು ಅವುಗಳಲ್ಲಿ ಒಂದು. ಹಿಂದಿನ ಕ್ರೌನ್-ಪಿನಿಯನ್‌ಗೆ ಬೇಕಾದ ತೀವ್ರ ಗಂಧಕದ ರಾಸಾಯನಿಕ ಇರುವ ಕೆಲವು ಜಿ.ಎಲ್.-5 ಎಣ್ಣೆಗಳು ಸಿಂಕ್ರೊದ ಹಿತ್ತಾಳೆ ರಿಂಗನ್ನು ತಿನ್ನುತ್ತವೆ, ಕಂಪನಿ ಜಿ.ಎಲ್.-4 ಎಂದು ಬರೆದಿದ್ದರೆ ಅದನ್ನೇ ಹಾಕಬೇಕು. ಡಬ್ಬಿಯ ಮೇಲಿನ ಒಂದು ಅಂಕಿ ನೋಡುವಷ್ಟು ವ್ಯವಧಾನ ಒಂದು ಓವರ್‌ಹಾಲ್ ಉಳಿಸೀತು.

ಇದಕ್ಕಿಂತ ಭಾರವಾದ ಆಕ್ಷೇಪ ಡ್ರೈವರನದು. ದಿನಕ್ಕೆ ನೂರಾರು ಸಲ ಗಡುಸು ಕ್ಲಚ್ ತುಳಿದ ಎಡಗಾಲು ಐವತ್ತು ದಾಟುವ ಹೊತ್ತಿಗೆ ಮೊಣಕಾಲಿನ ನೋವಾಗಿ ಉಳಿಯುತ್ತದೆ. ಯಂತ್ರದ ರಿಪೇರಿ ಸುಲಭವಾಗಲಿ ಎಂದು ಮನುಷ್ಯನ ದೇಹ ಸವೆಸುವುದು ಯಾವ ನ್ಯಾಯ? ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲಾಗದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದ್ದು ಇಂಥ ಕಾಳಜಿಯಿಂದಲೇ, ಅದು ಎಂದೋ ಬರಬೇಕಿತ್ತು. ಬೆಂಗಳೂರಿನಲ್ಲಿ ಬಿ.ಎಂ.ಟಿ.ಸಿ. 2006ರಿಂದ ಓಡಿಸಿದ ವೋಲ್ವೊ ನಗರ ಬಸ್ಸುಗಳು ಆಟೋಮ್ಯಾಟಿಕ್. ಪ್ರತಿ ನೂರು ಮೀಟರಿಗೆ ನಿಂತು ಹೊರಡುವ ಆ ಸಂಚಾರದಲ್ಲಿ ಡ್ರೈವರನಿಗೂ ನಿಂತ ಪ್ರಯಾಣಿಕರಿಗೂ ಅದರಿಂದ ಆದ ಸುಖ ನಿಜ. ಆದರೆ ಆ ಬಸ್ಸಿನ ಹಿಂದೆ ಒಂದು ನಿಗಮ ಇತ್ತು, ಸ್ವಂತ ಡಿಪೋಗಳು ಇದ್ದವು, ಬಸ್ಸು ಕಟ್ಟಿದ ಕಂಪನಿಯ ಕಾರ್ಖಾನೆ ನಗರದ ಪಕ್ಕದ ಹೊಸಕೋಟೆಯಲ್ಲೇ ಇತ್ತು. ರಿಪೇರಿ ಹತ್ತಿರ ಇದ್ದಲ್ಲಿ ಆಟೋಮ್ಯಾಟಿಕ್ ಚೆನ್ನಾಗಿ ಬಾಳಬಲ್ಲದು ಎಂಬುದು ನನ್ನ ಮಾತಿಗೆ ವಿರೋಧವಲ್ಲ, ಆಧಾರ. ಒಂದೇ ಲಾರಿ ನಂಬಿದ ಕುಟುಂಬಕ್ಕೆ ಆ ಬೆನ್ನಾಸರೆ ಇಲ್ಲ. ಗಾಡಿ ಹದಿನೈದು ದಿನ ಗ್ಯಾರೇಜಿನಲ್ಲಿ ನಿಂತರೆ ಆ ತಿಂಗಳ ಕಂತು ತಪ್ಪುತ್ತದೆ, ಮೊಣಕಾಲು ಉಳಿದ ಅದೇ ಡ್ರೈವರನ ಕೂಲಿಯೂ ಹೋಗುತ್ತದೆ. ಪೆಡಲಿನ ಭಾರ ಇಳಿಸಲು ಗಾಳಿಯ ಒತ್ತಡದ ಕ್ಲಚ್ ಬೂಸ್ಟರ್ ಇದೆ. ಹಳೆಯ ಗಾಡಿಗೆ ಬಾಕ್ಸ್ ಕೂರಿಸುವವರು ಅದನ್ನು ಸೇರಿಸದೆ ಕೆಲಸ ಮುಗಿಯಿತು ಎನ್ನಬಾರದು.

ಈಗ ಕಾಲ ಬದಲಾಗುತ್ತಿದೆ ಎಂಬುದು ಮೂರನೆಯ ಆಕ್ಷೇಪ. ಹೊಸ ಲಾರಿಗಳಲ್ಲಿ ಎ.ಎಂ.ಟಿ. (ಆಟೋಮೇಟೆಡ್ ಮ್ಯಾನುವಲ್ ಟ್ರಾನ್ಸ್‌ಮಿಷನ್) ಬರುತ್ತಿದೆ. ಇದು ಎಣ್ಣೆಯ ಕನ್ವರ್ಟರ್ ಇರುವ ಹಳೆಯ ಆಟೋಮ್ಯಾಟಿಕ್ ಅಲ್ಲ. ಒಳಗಿರುವುದು ಮಾಮೂಲು ಗೇರುಗಳು, ಮಾಮೂಲು ಕ್ಲಚ್ಚು. ಡ್ರೈವರನ ಕಾಲು ಕೈ ಮಾಡುತ್ತಿದ್ದ ಕೆಲಸವನ್ನು ಗಾಳಿಯ ಅಥವಾ ವಿದ್ಯುತ್ತಿನ ಆಕ್ಚುಯೇಟರ್ ಮಾಡುತ್ತದೆ, ಯಾವಾಗ ಮಾಡಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಶಾಖದ ಸಮಸ್ಯೆ ಇಲ್ಲ, ಡೀಸೆಲ್ ಪೋಲಾಗುವುದಿಲ್ಲ, ಹೊಸ ಡ್ರೈವರನೂ ತಪ್ಪು ಗೇರಿನಲ್ಲಿ ಎಂಜಿನ್ ಹಿಂಸಿಸಲಾರ. ಹೊಸ ಲಾರಿಗೆ ಇದು ಒಳ್ಳೆಯ ಆಯ್ಕೆ ಎಂದು ಒಪ್ಪುತ್ತೇನೆ. ಗಾಡಿ ಎರಡನೆಯ, ಮೂರನೆಯ ಮಾಲೀಕನ ಕೈಗೆ ಬಂದ ಮೇಲೆ ಏನು ಎಂಬುದೇ ತೊಡಕು. ಸೆನ್ಸರ್ ಒಂದು ಸುಳ್ಳು ಹೇಳಿದರೆ ಗಟ್ಟಿಮುಟ್ಟಾದ ಗೇರುಗಳಿದ್ದೂ ಲಾರಿ ನ್ಯೂಟ್ರಲ್‌ನಲ್ಲಿ ನಿಂತುಬಿಡಬಹುದು. ಅದರ ರೋಗ ಎಣ್ಣೆಯ ತಟ್ಟೆಯಲ್ಲಿ ಕಾಣುವುದಿಲ್ಲ, ಕಂಪನಿಯ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ. ಆಗ ಮ್ಯಾನುವಲ್‌ಗೆ ಬದಲಿಸಿಕೊಳ್ಳೋಣ ಎಂದರೆ ಕಬ್ಬಿಣದ ಕೆಲಸ ಸುಲಭ: ಲಿವರ್, ಪೆಡಲ್, ಕೇಬಲ್. ಕಷ್ಟವಿರುವುದು ತಂತಿಗಳಲ್ಲಿ. ಎಂಜಿನ್ನಿನ ಕಂಪ್ಯೂಟರ್ ಗೇರ್‌ಬಾಕ್ಸಿನ ಕಂಪ್ಯೂಟರಿನ ಮಾತಿಗೆ ಕಾಯುತ್ತಿರುತ್ತದೆ, ಅದು ಕೇಳದಿದ್ದರೆ ಶಕ್ತಿ ಇಳಿಸುತ್ತದೆ. 6ಬಿಟಿಯಂಥ ಎಂಜಿನ್ನಿನಲ್ಲಿ ಡೀಸೆಲ್ ಕೊಡುವುದು ಪೂರ್ತಿ ಯಾಂತ್ರಿಕ ಪಂಪ್. ಹಿಂದೆ ಯಾವ ಬಾಕ್ಸ್ ಇದೆ ಎಂದು ಅದು ಕೇಳುವುದಿಲ್ಲ. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿ.ಎಸ್.-4 ಹೊಗೆ ಮಾನದಂಡ, 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ಬಂದ ಮೇಲೆ ಲಾರಿಗಳಲ್ಲಿ ಆ ಸ್ವಾತಂತ್ರ್ಯ ಉಳಿದಿಲ್ಲ. ಹೀಗಾಗಿ ಹಳೆಯ ಯಾಂತ್ರಿಕ ಪಂಪಿನ ಗಾಡಿಗೆ ಮ್ಯಾನುವಲ್ ಕೂರಿಸಿ ಎಂದು ಧೈರ್ಯವಾಗಿ ಹೇಳುವ ನಾನು, ಬಿ.ಎಸ್.-6 ಎ.ಎಂ.ಟಿ. ಗಾಡಿಗೆ ಊರಿನ ಗ್ಯಾರೇಜಿನಲ್ಲಿ ಕೈ ಹಾಕಿಸಬೇಡಿ ಎಂದೇ ಹೇಳುತ್ತೇನೆ.

ಕಾನೂನನ್ನು ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಆರ್.ಸಿ.ಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ತೂಕ, ಟೈರುಗಳ ವಿವರ ಇರುತ್ತದೆ, ಗೇರ್‌ಬಾಕ್ಸಿಗೆ ಕಾಲಂ ಇಲ್ಲ. ಅದನ್ನೇ ನೆಪ ಮಾಡಿಕೊಂಡು ಏನನ್ನಾದರೂ ಕೂರಿಸಬಹುದು ಎಂದುಕೊಳ್ಳುವುದು ಅಪಾಯ. ಅಪಘಾತವಾದ ದಿನ ವಿಮಾ ಕಂಪನಿಯ ಸರ್ವೇಯರ್ ಕೇಳುವ ಮೊದಲ ಪ್ರಶ್ನೆ ಅದೇ ಆದೀತು. ಅದೇ ಮಾದರಿಗೆ ಅದೇ ತಯಾರಕರು ಕೊಟ್ಟಿದ್ದ ಬಾಕ್ಸನ್ನೇ ಆರಿಸುವುದು, ಬಿಲ್ ಇಟ್ಟುಕೊಳ್ಳುವುದು, ಕೆಲಸಕ್ಕೆ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ಲಿಖಿತವಾಗಿ ಕೇಳುವುದು ಮಾಲೀಕನಿಗೇ ಕ್ಷೇಮ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್.ಸಿ. (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಲೇಬೇಕು, ಹದಿನೈದು ದಾಟಿದ್ದಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕವೂ ಏರಿದೆ. ಆ ಖರ್ಚು, ಬಾಕ್ಸಿನ ಖರ್ಚು ಎರಡೂ ಕೂಡಿ ಗಾಡಿಯ ಮಾರುಬೆಲೆಗೆ ಸಮವಾಗುವಂತಿದ್ದರೆ, ಚಾಸಿ ತುಕ್ಕು ಹಿಡಿದಿದ್ದರೆ, ಎಷ್ಟು ಪ್ರೀತಿ ಇದ್ದರೂ ಗುಜರಿಗೆ ಕೊಡುವುದೇ ವಿವೇಕ.

ಇನ್ನು ಎ.ಎಂ.ಟಿ. ಗಾಡಿಗಳ ತೊಡಕಿಗೆ ಬಂದರೆ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಒಂದು. ಲಾರಿ ಮಾಲೀಕರ ಸಂಘಗಳು ಅಲ್ಲಿ ಕೇಳಬೇಕಾದದ್ದು ಸ್ಪಷ್ಟವಾಗಿದೆ. ಎ.ಎಂ.ಟಿ. ಲಾರಿ ಮಾರುವ ಪ್ರತಿ ಕಂಪನಿ ಅದರ ದೋಷ ಓದುವ ಸಾಧನವನ್ನೂ ರಿಪೇರಿ ಕೈಪಿಡಿಯನ್ನೂ, ಸಾಧ್ಯವಾದರೆ ಕನ್ನಡದಲ್ಲೇ, ಹೊರಗಿನ ಗ್ಯಾರೇಜುಗಳಿಗೆ ನ್ಯಾಯವಾದ ಬೆಲೆಗೆ ಕೊಡಬೇಕು. ಅದೇ ಮಾದರಿಯ ಮ್ಯಾನುವಲ್ ಆವೃತ್ತಿ ಇದ್ದಲ್ಲಿ ಲಿವರ್, ಪೆಡಲ್, ವೈರಿಂಗ್ ಮತ್ತು ಎಂಜಿನ್ನಿಗೆ ಬೇಕಾದ ಸಾಫ್ಟ್‌ವೇರ್ ಸೇರಿದ ಬದಲಾವಣೆ ಕಿಟ್ಟನ್ನು ಕಂಪನಿಯೇ ಮಾರಬೇಕು, ಜೊತೆಗೆ ಆರ್.ಟಿ.ಒ. ಒಪ್ಪುವ ಪ್ರಮಾಣಪತ್ರ ಕೊಡಬೇಕು. ಈ ದಶಕದಲ್ಲಿ ಮಾರಾಟವಾದ ಎ.ಎಂ.ಟಿ. ಲಾರಿಗಳು ಮೊದಲ ಮಾಲೀಕರ ಕೈಬಿಟ್ಟು ಕಲಬುರಗಿ, ಸೇಡಂ, ಕಮಲಾಪುರದ ಮಾಲೀಕರಿಗೆ ಕೈಬದಲಾಗುವುದು 2030ರ ಆಸುಪಾಸಿಗೆ. ಈ ಬೇಡಿಕೆ ಅಷ್ಟರೊಳಗೆ ನಿಯಮವಾಗಿ ಬರಬೇಕು; ಗಾಡಿ ಕಮಲಾಪುರದ ಏರಿನಲ್ಲಿ ನಿಂತ ಮೇಲೆ ಕೇಳಿದರೆ ಆ ಮಾಲೀಕನಿಗೆ ಉಪಯೋಗವಾಗದು.